ಚಡ್ಡಿ ಗೇಮ್ ಆಡಬೇಕು, ಆದರೆ ಯಾವುದನ್ನು?

ಅಕ್ಕನ ಮಗನಿಗೆ ಈಗ ಹನ್ನೆರಡು ವರ್ಷ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ನೋಡಲು ವಿಜಯಪುರಕ್ಕೆ ಬಂದಿದ್ದ. ರಾತ್ರಿ ಊಟ ಆದ ಮೇಲೆ ಪಕ್ಕಕ್ಕೆ ಬಂದು ಕೂತು ಕೇಳಿದ: "ಮಾಮಾ, ನೀವು ಸಣ್ಣವರಿದ್ದಾಗ ಆಡ್ತಿದ್ರಂತಲ್ಲ, ಚಡ್ಡಿ ಗೇಮ್. ಅದನ್ನ ನಾನೂ ಆಡ್ಬೇಕು. ಯಾವುದು ತಗೊಳ್ಲಿ?"

ಮನೆಯಲ್ಲಿ ಆ ಹೊತ್ತಿಗೆ ಆ ವಿಡಿಯೋ ಗೇಮ್ ಆಡಿ ಬೆಳೆದವರು ಮೂವರಿದ್ದೆವು. ನಾನು, ಬೆಳಗಾವಿಯ ಟಿಳಕವಾಡಿಯಿಂದ ಬಂದಿದ್ದ ತಂಗಿ, ಬಾಗಲಕೋಟೆಯ ನವನಗರದಿಂದ ಬಂದಿದ್ದ ಕಾಕಾನ ಮಗ. ಮೂವರೂ ಒಟ್ಟಿಗೇ ಬಾಯಿ ತೆರೆದೆವು. ಮೂರು ಬೇರೆ ಬೇರೆ ಉತ್ತರ ಬಂತು. ಮಾತು ಮುಗಿಯುವಷ್ಟರಲ್ಲಿ ಹನ್ನೆರಡು ದಾಟಿತ್ತು. ಆ ಹುಡುಗನ ಹಾಗೆ ಹೊಸದಾಗಿ ಶುರು ಮಾಡುವವರು ಇನ್ನೂ ಇದ್ದಾರೆ, ಅಲ್ವಾ? ಅವರಿಗಾಗಿ ಆ ರಾತ್ರಿಯ ಮಾತನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಚಡ್ಡಿ ಗೇಮ್ ಅಂತ ನಮ್ಮ ಓಣಿಯವರು ಕರೆಯುತ್ತಿದ್ದ ಆಟದ ನಿಜವಾದ ಹೆಸರು ಗೋಸ್ಟ್ಸ್ ಎನ್ ಗಾಬ್ಲಿನ್ಸ್. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1985ರಲ್ಲಿ ಆರ್ಕೇಡ್ ಯಂತ್ರಕ್ಕೆ, ಅಂದರೆ ಅಂಗಡಿಯಲ್ಲಿ ದುಡ್ಡು ಹಾಕಿ ಆಡುವ ಯಂತ್ರಕ್ಕೆ, ಮಾಡಿದ್ದು. ರೂಪಿಸಿದವರು ಟೊಕುರೊ ಫುಜಿವಾರಾ. ಜಪಾನಿನಲ್ಲಿ ಇದರ ಹೆಸರು ಮಕೈಮುರಾ. ಅಂದರೆ ದೆವ್ವಗಳ ಲೋಕದ ಹಳ್ಳಿ. ಆರ್ಥರ್ ಎಂಬ ಯೋಧ ರಾಜಕುಮಾರಿಯ ಜೊತೆ ಸ್ಮಶಾನದಲ್ಲಿ ಕೂತಿರುತ್ತಾನೆ. ಒಂದು ದೆವ್ವ ಬಂದು ಅವಳನ್ನು ಎತ್ತಿಕೊಂಡು ಹೋಗುತ್ತದೆ. ಇವನು ಉಕ್ಕಿನ ಕವಚ ಹಾಕಿಕೊಂಡು ಹಿಂದೆ ಓಡುತ್ತಾನೆ. ಒಂದು ಪೆಟ್ಟು ಬಿದ್ದರೆ ಕವಚ ಚೂರಾಗಿ ಬರೀ ಚಡ್ಡಿಯಲ್ಲಿ ನಿಲ್ಲುತ್ತಾನೆ. ಇನ್ನೊಂದು ಬಿದ್ದರೆ ಎಲುಬಿನ ರಾಶಿ. ಅಷ್ಟೇ. ಎರಡೇ ಪೆಟ್ಟು.

ಇದರ ಬಳಗದಲ್ಲಿ ಆಮೇಲೆ ಹಲವು ಆಟ ಬಂದವು. ಅದರಲ್ಲಿ ನಾಲ್ಕನ್ನು ನಾವು ಮೂವರೂ ಚೆನ್ನಾಗಿ ಬಲ್ಲೆವು. 1985ರ ಮೂಲ ಆಟ ಮತ್ತು ಅದರದ್ದೇ ಕ್ಯಾಸೆಟ್ ರೂಪ, 1988ರ ಗೂಲ್ಸ್ ಎನ್ ಗೋಸ್ಟ್ಸ್, 1991ರ ಸೂಪರ್ ಗೂಲ್ಸ್ ಎನ್ ಗೋಸ್ಟ್ಸ್, 2021ರ ರೆಸರೆಕ್ಷನ್. ಎಲ್ಲವೂ ಕಷ್ಟ. ಅದರಲ್ಲಿ ವಾದವಿಲ್ಲ. ಆದರೆ ಒಂದೊಂದರ ಕಷ್ಟ ಒಂದೊಂದು ಥರ. ಅದು ಗೊತ್ತಿಲ್ಲದೆ ಕೈಗೆ ಸಿಕ್ಕಿದ್ದನ್ನು ಶುರು ಮಾಡಿ, ಎರಡನೇ ದಿನ ಬೇಜಾರಾಗಿ ಬಿಟ್ಟವರನ್ನು ಸುಮಾರು ಜನ ನೋಡಿದ್ದೇನೆ.

ಎಲ್ಲಕ್ಕಿಂತ ಮೊದಲು ಜಿಗಿತ

ಮಾರಿಯೋ ಆಡಿದವರಿಗೆ ಒಂದು ಅಭ್ಯಾಸ ಇರುತ್ತದೆ. ಜಿಗಿದ ಮೇಲೆ ಗಾಳಿಯಲ್ಲೇ ಹಿಂದೆ ಮುಂದೆ ಸರಿದುಕೊಳ್ಳುವುದು. ಗುಂಡು ಹಾರಿಸುವ ಕಾಂಟ್ರಾ ಆಟದಲ್ಲೂ ಹಾಗೇ. ಆರ್ಥರ್‌ಗೆ ಅದು ಆಗುವುದಿಲ್ಲ. ಕಾಲು ನೆಲ ಬಿಟ್ಟಿತೆಂದರೆ ಅವನು ಎಲ್ಲಿ ಇಳಿಯುತ್ತಾನೆ ಅನ್ನುವುದು ಆಗಲೇ ನಿರ್ಧಾರ ಆಗಿರುತ್ತದೆ. ನೀವು ಎಷ್ಟೇ ಗುಂಡಿ ಒತ್ತಿದರೂ ಅಲ್ಲಿಗೇ ಇಳಿಯುತ್ತಾನೆ.

ನಾವು ಬೇಸಿಗೆಯಲ್ಲಿ ಅಜ್ಜನ ಹೊಲದ ಬಾವಿಗೆ ಹಾರುತ್ತಿದ್ದೆವು. ಮೇಲಿನ ಕಲ್ಲಿನಿಂದ ಹಾರಿದ ಮೇಲೆ "ಕೆಳಗ ಒಬ್ಬ ಈಸ್ತಾ ಇದ್ದಾನಲ್ಲೋ" ಅಂತ ನೆನಪಾದರೆ ಏನೂ ಮಾಡಲಾಗದು. ಅದಕ್ಕೇ ಕಲ್ಲಿನ ಮೇಲೆ ನಿಂತು, ಬಗ್ಗಿ ನೋಡಿ, ಕೂಗಿ, ಆಮೇಲೆ ಹಾರುತ್ತಿದ್ದೆವು. ಈ ಆಟ ಕೇಳುವುದೂ ಅದನ್ನೇ. ಕೈಯ ವೇಗ ಎರಡನೆಯ ಮಾತು. ಮೊದಲು ನಿಲ್ಲಲು ಬರಬೇಕು.

ನನ್ನ ಮಟ್ಟಿಗೆ ಈ ನಾಲ್ಕು ಆಟಗಳ ನಡುವೆ ಆರಿಸಲು ಇದೇ ಅಳತೆ. ತಪ್ಪು ನಿರ್ಧಾರ ತೆಗೆದುಕೊಂಡ ಮೇಲೆ ಅದನ್ನು ಸರಿಪಡಿಸಿಕೊಳ್ಳಲು ಆಟ ಎಷ್ಟು ಜಾಗ ಕೊಡುತ್ತದೆ? ಮೂಲ ಆಟ ಒಂದಿಷ್ಟೂ ಕೊಡುವುದಿಲ್ಲ. ಉಳಿದವು ಬೇರೆ ಬೇರೆ ರೀತಿಯಲ್ಲಿ ಸ್ವಲ್ಪ ಕೊಡುತ್ತವೆ. ನಿಮಗೆ ಎಷ್ಟು ಜಾಗ ಬೇಕು ಅನ್ನುವುದನ್ನು ನೋಡಿಕೊಂಡು ಆರಿಸಿ.

ಮೂಲ ಆಟ, 1985

ನಾನು ಇದನ್ನು ಮೊದಲು ನೋಡಿದ್ದು ಗಾಂಧಿ ಚೌಕದ ಹತ್ತಿರ ಇದ್ದ ಒಂದು ವಿಡಿಯೋ ಗೇಮ್ ಅಂಗಡಿಯಲ್ಲಿ. ಒಂದು ರೂಪಾಯಿಗೆ ಒಂದು ಆಟ. ನನ್ನ ರೂಪಾಯಿ ಎರಡು ನಿಮಿಷಕ್ಕೇ ಮುಗಿಯುತ್ತಿತ್ತು. ಉಳಿದ ಸಂಜೆಯೆಲ್ಲ ದೊಡ್ಡ ಹುಡುಗರ ಹಿಂದೆ ನಿಂತು ನೋಡುವುದು. ಆ ನೋಡುವುದರಿಂದಲೇ ನಾನು ಜಾಸ್ತಿ ಕಲಿತೆ. ಸ್ಮಶಾನದಲ್ಲಿ ಹೆಣಗಳು ನೆಲದಿಂದ ಎದ್ದು ಬರುತ್ತವೆ. ಹೊಸಬರು ಹೆದರಿ ಓಡುತ್ತಾರೆ. ಓಡಿದಷ್ಟೂ ಹೊಸ ಹೆಣ ಏಳುತ್ತವೆ. ಬಲ್ಲವರು ಒಂದು ಹೆಜ್ಜೆ ಇಟ್ಟು ನಿಲ್ಲುತ್ತಾರೆ. ಎದ್ದದ್ದನ್ನು ಹೊಡೆಯುತ್ತಾರೆ. ಮತ್ತೆ ಒಂದು ಹೆಜ್ಜೆ. ಹಾಗಂತ ತೀರಾ ನಿಧಾನ ಮಾಡುವಂತೆಯೂ ಇಲ್ಲ. ಮೇಲೆ ಗಡಿಯಾರ ಓಡುತ್ತಿರುತ್ತದೆ.

ಇಲ್ಲಿ ಆಯುಧದ ವಿಷಯ ಬಿಡಿಸಿ ಹೇಳಬೇಕು. ಬಹಳ ಜನ ಸೋಲುವುದು ಇಲ್ಲೇ. ಶುರುವಿನಲ್ಲಿ ಕೈಯಲ್ಲಿ ಭರ್ಚಿ ಇರುತ್ತದೆ. ಅದು ಸಾಧಾರಣ, ಆದರೆ ನಂಬಬಹುದು. ಚಾಕು ಸಿಕ್ಕರೆ ಅದೃಷ್ಟ. ವೇಗವಾಗಿ ಹೋಗುತ್ತದೆ, ಬೇಗ ಬೇಗ ಎಸೆಯಬಹುದು. ಪಂಜು ಸಿಕ್ಕರೆ ಮಾತ್ರ ಅತ್ತ ಹೋಗಲೇಬೇಡಿ. ಬಾಗಿ ಹೋಗಿ ಕೆಳಗೆ ಬಿದ್ದು ಉರಿಯುತ್ತದೆ. ಅದು ಉರಿಯುವಷ್ಟು ಹೊತ್ತು ನಿಮ್ಮ ಕೈ ಖಾಲಿ ಇದ್ದ ಹಾಗೆ. ಆಯುಧ ಬೇಡ ಅನ್ನಲು ಗುಂಡಿ ಇಲ್ಲ. ಮುಟ್ಟಿದರೆ ಬದಲಾಗಿಯೇ ಬಿಡುತ್ತದೆ. ಕಾಕಾನ ಮಗನ ಪ್ರಕಾರ ಈ ಆಟದಲ್ಲಿ ಅತಿ ದೊಡ್ಡ ವೈರಿ ದೆವ್ವ ಅಲ್ಲ, ನೆಲದ ಮೇಲೆ ಬಿದ್ದ ಪಂಜು. ಅವನ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಮತ್ತೆ ಆ ಕೆಂಪು ದೆವ್ವ. ರೆಡ್ ಅರೀಮರ್ ಅಂತ ಅದರ ಹೆಸರು. ರೆಕ್ಕೆ ಮಡಚಿ ಸುಮ್ಮನೆ ಕೂತಿರುತ್ತದೆ. ಹತ್ತಿರ ಹೋದರೆ ಏಳುತ್ತದೆ. ನೀವು ಎಸೆದದ್ದನ್ನು ತಪ್ಪಿಸಿಕೊಳ್ಳುತ್ತದೆ. ಮೇಲಿನಿಂದ ಬಾಗಿ ಎರಗುತ್ತದೆ. ಮೊದಲ ಹಂತದಲ್ಲೇ ಇದು ಬರುತ್ತದೆ. ಬಹಳಷ್ಟು ಜನರ ಆಟ ಅಲ್ಲಿಗೇ ಮುಗಿಯುತ್ತದೆ. ತಂಗಿ ಇದನ್ನು ಹೊಡೆಯಲು ಕಲಿತದ್ದು ಹೇಗೆ ಗೊತ್ತಾ? ಹೊಡೆಯುವುದನ್ನೇ ಬಿಟ್ಟು. ಇಪ್ಪತ್ತು ಸಲ ಬರೀ ಅದರ ದಾರಿ ನೋಡಿದಳು. ಅದು ನೆಲದ ಹತ್ತಿರ ಬಂದಾಗ ಮಾತ್ರ ಪೆಟ್ಟು ತಗಲುತ್ತದೆ ಅಂತ ಗೊತ್ತಾದ ಮೇಲೆ ಹಿಂದೆ ಸರಿಯುವುದು, ಅದು ಇಳಿಯುವವರೆಗೆ ಕಾಯುವುದು, ಆಗ ಹೊಡೆಯುವುದು. ಈಗಲೂ ಅವಳು ಆಡುವುದು ಹೀಗೇ.

ಮೂಲ ಆಟದ ಬಗ್ಗೆ ನನಗಿರುವ ಒಂದೇ ತಕರಾರು ಕೊನೆಯದ್ದು. ಎಲ್ಲ ದಾಟಿ ಕೊನೆಗೆ ಹೋದರೆ, ಇದೆಲ್ಲ ಸೈತಾನ ಒಡ್ಡಿದ ಬಲೆ, ಭ್ರಮೆ ಅಂತ ಹೇಳಿ ಮತ್ತೆ ಮೊದಲಿನಿಂದ ಕಳಿಸುತ್ತದೆ. ಪೂರ್ತಿ ಆಟವನ್ನು ಎರಡು ಸಲ ಗೆಲ್ಲಬೇಕು. ಎರಡನೇ ಸಲ ಇನ್ನೂ ಕಷ್ಟ. ಸರಿಯಾದ ಆಯುಧ ಕೈಯಲ್ಲಿ ಇಲ್ಲದೆ ಕೊನೆಯವನ ಹತ್ತಿರ ಹೋದರೆ ಹಿಂದಿನ ಹಂತಕ್ಕೆ ವಾಪಸ್. ರೂಪಾಯಿ ಹಾಕಿ ಆಡುವ ಯಂತ್ರಕ್ಕೆ ಇದು ಲಾಭದ ಲೆಕ್ಕ ಇರಬಹುದು. ಆದರೆ ಅಷ್ಟು ದೂರ ಬಂದ ಮನುಷ್ಯನಿಗೆ ಇದು ಅನ್ಯಾಯ. ಕಾಕಾನ ಮಗ ಒಪ್ಪುವುದಿಲ್ಲ. "ಎರಡನೇ ಸಲ ಆಡುವಾಗಲೇ ನಾನು ಎಷ್ಟು ಕಲಿತೀನಿ ಅಂತ ಗೊತ್ತಾಗಿದ್ದು" ಅನ್ನುತ್ತಾನೆ. ಮೊದಲ ಹಂತಕ್ಕೆ ಅವನಿಗೆ ಆರು ತಿಂಗಳು ಹಿಡಿದಿತ್ತು. ಎರಡನೇ ಸುತ್ತಿನಲ್ಲಿ ಅದೇ ಹಂತವನ್ನು ಒಂದೇ ಜೀವದಲ್ಲಿ ದಾಟಿದನಂತೆ. ಆ ಖುಷಿ ನನಗೆ ಅರ್ಥ ಆಗುತ್ತದೆ. ಆದರೂ ನನ್ನ ತಕರಾರು ತಕರಾರೇ.

ಕ್ಯಾಸೆಟ್ ರೂಪ, 1986

ನಮ್ಮಲ್ಲಿ ಬಹಳ ಜನ ಚಡ್ಡಿ ಗೇಮ್ ಅಂತ ನೆನಪಿಸಿಕೊಳ್ಳುವುದು ಇದನ್ನು. ಟಿವಿಗೆ ವೈರ್ ಸಿಕ್ಕಿಸಿ, ಚಾನೆಲ್ ಹುಡುಕಿ, ಕ್ಯಾಸೆಟ್ ಊದಿ ಹಾಕಿ ಆಡುತ್ತಿದ್ದ ಆಟ. ನಿಂಟೆಂಡೊ ಯಂತ್ರಕ್ಕೆ ಇದನ್ನು ಮೈಕ್ರೋನಿಕ್ಸ್ ಎಂಬ ಸಂಸ್ಥೆ ಮಾಡಿತು. ಬಹಳ ಮಾರಾಟವಾಯಿತು. ಕ್ಯಾಪ್‌ಕಾಮ್‌ನ ಪಟ್ಟಿಯಲ್ಲಿ 16.4 ಲಕ್ಷ ಪ್ರತಿ ಎಂದಿದೆ.

ಇದನ್ನು ಪ್ರೀತಿಯಿಂದಲೇ ಹೇಳುತ್ತೇನೆ: ಹೊಸಬರು ಇದರಿಂದ ಶುರು ಮಾಡಬೇಡಿ. ಚಿತ್ರ ತಡೆದು ತಡೆದು ಓಡುತ್ತದೆ. ವೈರಿಗಳು ಜಾಸ್ತಿಯಾದರೆ ಮಿಣುಕಿ ಮಾಯವಾಗುತ್ತಾರೆ. ನಿಂತು ನೋಡಿ ಜಿಗಿಯುವ ಆಟದಲ್ಲಿ ನೋಡುವುದಕ್ಕೇ ತೊಂದರೆ ಆದರೆ ಹೇಗೆ? ಸೋತಾಗ ತಪ್ಪು ನನ್ನದೋ ಯಂತ್ರದ್ದೋ ಗೊತ್ತಾಗುವುದಿಲ್ಲ. ಒಂದು ಅನುಕೂಲ ಇದೆ. ಎಷ್ಟು ಸಲ ಸತ್ತರೂ ಕಂಟಿನ್ಯೂ ಮಾಡಬಹುದು, ರೂಪಾಯಿ ಬೇಡ. ಆದರೆ ಆಟ ಉಳಿಸಿಡುವ ವ್ಯವಸ್ಥೆ ಇಲ್ಲ. ನಾನು ಐದನೇ ಹಂತದಲ್ಲಿದ್ದಾಗ ಕರೆಂಟ್ ಹೋದದ್ದು ಇವತ್ತಿಗೂ ಮರೆತಿಲ್ಲ. ಅವ್ವ ಲಾಟೀನು ಹಚ್ಚಿ ತಂದಾಗ ನಾನು ಅಳುತ್ತಿದ್ದೆ.

ಗೂಲ್ಸ್ ಎನ್ ಗೋಸ್ಟ್ಸ್, 1988

ಇದು ಕಾಕಾನ ಮಗನ ಆಯ್ಕೆ. ಅವನ ಕಾರಣ ಒಂದೇ, ಆದರೆ ಗಟ್ಟಿ. ಇಲ್ಲಿ ಆರ್ಥರ್ ಮೇಲಕ್ಕೆ ಎಸೆಯಬಲ್ಲ. ಜಿಗಿದಾಗ ಕೆಳಕ್ಕೂ ಎಸೆಯಬಲ್ಲ. ಮೂಲ ಆಟದಲ್ಲಿ ತಲೆಯ ಮೇಲೆ ದೆವ್ವ ಹಾರಾಡುತ್ತಿದ್ದರೂ ಸುಮ್ನೆ ನೋಡುತ್ತ ನಿಲ್ಲಬೇಕಿತ್ತು. ಆ ಅಸಹಾಯಕತೆ ಇಲ್ಲಿ ಹೋಯಿತು. ತಪ್ಪು ಜಾಗದಲ್ಲಿ ನಿಂತರೂ ಹೊಡೆದು ದಾರಿ ಮಾಡಿಕೊಳ್ಳಬಹುದು.

ಬಂಗಾರದ ಕವಚವೂ ಇದೆ. ಅದನ್ನು ಹಾಕಿಕೊಂಡು ಗುಂಡಿ ಒತ್ತಿ ಹಿಡಿದರೆ ಮಂತ್ರ ಹೊಮ್ಮುತ್ತದೆ. ಆಯುಧಕ್ಕೆ ತಕ್ಕ ಮಂತ್ರ. ನೆಲದಿಂದ ಪೆಟ್ಟಿಗೆಗಳು ಏಳುತ್ತವೆ. ಒಂದರಲ್ಲಿ ಕವಚ ಇರಬಹುದು, ಇನ್ನೊಂದರಲ್ಲಿ ಮಂತ್ರವಾದಿ ಇರಬಹುದು. ಅವನು ನಿಮ್ಮನ್ನು ಸ್ವಲ್ಪ ಹೊತ್ತು ಮುದುಕನನ್ನಾಗಿಯೋ ಬಾತುಕೋಳಿಯನ್ನಾಗಿಯೋ ಮಾಡಿಬಿಡುತ್ತಾನೆ. ಚಿತ್ರವಂತೂ ಮೂಲಕ್ಕಿಂತ ಎಷ್ಟೋ ಮೇಲು. ಗಾಳಿ ಮಳೆಯಲ್ಲಿ ಬಾಗುವ ಮರಗಳ ಆ ಮೊದಲ ಹಂತವನ್ನು ಇವತ್ತು ನೋಡಿದರೂ ಕಣ್ಣು ತುಂಬುತ್ತದೆ. ಸೆಗಾ ಕಂಪನಿಯ ಟಿವಿ ಗೇಮ್ ಯಂತ್ರ ಮೆಗಾ ಡ್ರೈವ್‌ಗೆ 1989ರಲ್ಲಿ ಬಂದ ರೂಪವೂ ಚೆನ್ನಾಗಿದೆ. ಆಮೇಲೆ ಸೋನಿಕ್ ಆಟದಿಂದ ಹೆಸರಾದ ಯುಜಿ ನಾಕಾ ಅದರ ಪ್ರೋಗ್ರಾಂ ಬರೆದವರು.

ಎರಡು ಸಲ ಗೆಲ್ಲಬೇಕಾದ ಕಾಟ ಇಲ್ಲೂ ಇದೆ. ಆದರೆ ಐದೇ ಹಂತ. ಹಳೆಯ ಆಟದ ರುಚಿಯೂ ಬೇಕು, ಕೈಗೆ ಸ್ವಲ್ಪ ಬಲವೂ ಬೇಕು ಅನ್ನುವವರಿಗೆ ಹಳೆಯ ಮೂರರಲ್ಲಿ ಇದೇ ಸರಿ.

ಸೂಪರ್ ಗೂಲ್ಸ್ ಎನ್ ಗೋಸ್ಟ್ಸ್, 1991

ತಂಗಿಯ ಆಯ್ಕೆ. ಅವಳ ಯಜಮಾನರು ಹೊರದೇಶದಿಂದ ತಂದ ಗೇಮ್ ಯಂತ್ರ ನಿಂಟೆಂಡೊ ಸ್ವಿಚ್‌ನಲ್ಲಿ ಆಡುತ್ತಾಳೆ. ಸ್ವಿಚ್‌ನ ಚಂದಾದಾರಿಕೆಯಲ್ಲಿ ಹಳೆಯ ಆಟಗಳ ಜೊತೆ ಇದೂ ಸಿಗುತ್ತದೆ.

ಇಲ್ಲಿ ಮೇಲಕ್ಕೆ ಎಸೆಯುವುದನ್ನು ಕಿತ್ತುಕೊಂಡರು. ಬದಲಿಗೆ ಎರಡನೇ ಜಿಗಿತ ಕೊಟ್ಟರು. ಗಾಳಿಯಲ್ಲಿರುವಾಗ ಇನ್ನೊಮ್ಮೆ ಜಿಗಿಯಬಹುದು. ಆಗ ದಿಕ್ಕನ್ನೂ ಬದಲಿಸಬಹುದು. ಅಂದರೆ ಒಂದು ತಪ್ಪಿಗೆ ಒಂದು ತಿದ್ದುಪಡಿ. ಕೇಳಲು ಸುಲಭ ಅನ್ನಿಸುತ್ತದೆ. ಆಡಿದರೆ ಹಾಗಲ್ಲ. ಆ ಎರಡನೇ ಜಿಗಿತವೂ ಮೊದಲನೆಯ ಹಾಗೇ ಬದಲಿಸಲಾಗದ್ದು. ಅದನ್ನೂ ಕೆಟ್ಟದಾಗಿ ಬಳಸಿದರೆ ಇನ್ನು ಕೈಯಲ್ಲಿ ಏನೂ ಉಳಿಯುವುದಿಲ್ಲ. ಇಡೀ ಆಟವನ್ನು ಆ ಎರಡನೇ ಜಿಗಿತದ ಲೆಕ್ಕ ಹಾಕಿಯೇ ಕಟ್ಟಿದ್ದಾರೆ. ಹಂತದ ನೆಲವೇ ಎದ್ದು ಬಿದ್ದು ಮಾಡುತ್ತದೆ. ನೀರು ನುಗ್ಗಿ ಬರುತ್ತದೆ. ಹಿಮ ಜಾರಿ ಬರುತ್ತದೆ.

ತಂಗಿ ಹೇಳುವುದು ಹೀಗೆ: "ಅಣ್ಣಾ, ಮೊದಲಿನದರಾಗ ಜಿಗಿಯೋಕೆ ಮೊದಲು ಒಂದ್ಸಲ ಯೋಚನೆ ಮಾಡ್ತೀವಿ. ಇದರಾಗ ಗಾಳಿಯೊಳಗ ಇದ್ದಾಗ ಇನ್ನೊಂದ್ಸಲ ಮಾಡ್ಬೇಕು. ನನಗ ಅದೇ ಸೇರ್ತದ." ಅವಳು ನಿಜಕ್ಕೂ ಹಾಗೇ ಆಡುತ್ತಾಳೆ. ಮೊದಲ ಜಿಗಿತ ಹಾಕಿ, ಮೇಲೆ ಹೋಗಿ, ಕೆಳಗೆ ಏನಿದೆ ನೋಡಿ, ಇಳಿಯುವ ಹೊತ್ತಿಗೆ ಎರಡನೆಯದು. ನನಗೆ ಅದು ಇನ್ನೂ ಕೂಡಿ ಬಂದಿಲ್ಲ. ಗಾಬರಿಯಲ್ಲಿ ಎರಡನ್ನೂ ಒಂದರ ಹಿಂದೆ ಒಂದು ಒತ್ತಿಬಿಡುತ್ತೇನೆ.

ಕಷ್ಟದ ಮಟ್ಟ ಆರಿಸಿಕೊಳ್ಳುವ ಅವಕಾಶ ಇದೆ. ಹಸಿರು ಕವಚ ಸಿಕ್ಕರೆ ಆಯುಧ ಬಲವಾಗುತ್ತದೆ, ಬಂಗಾರದ್ದು ಸಿಕ್ಕರೆ ಮಂತ್ರ ಬರುತ್ತದೆ. ತೊಂದರೆ ಎರಡು. ವೈರಿಗಳು ತುಂಬಿದಾಗ ಆಟ ನಿಧಾನವಾಗುತ್ತದೆ. ಮತ್ತೆ ಇಲ್ಲೂ ಎರಡು ಸುತ್ತು. ಎರಡನೇ ಸುತ್ತಿನಲ್ಲಿ ಒಂದು ವಿಶೇಷ ಬಳೆಯನ್ನು ಆಯುಧವಾಗಿ ಹಿಡಿದುಕೊಂಡೇ ಕೊನೆಗೆ ಹೋಗಬೇಕು. ಆ ಬಳೆ ಹೆಚ್ಚು ದೂರ ಹೋಗುವುದಿಲ್ಲ. ಹತ್ತಿರ ಹೋಗಿ ಹೊಡೆಯಬೇಕು. ತಂಗಿ ಗೆದ್ದಿದ್ದಾಳೆ. ನಾನು ಗೆದ್ದಿಲ್ಲ.

ರೆಸರೆಕ್ಷನ್, 2021

ಮೂವತ್ತಾರು ವರ್ಷ ಆದ ಮೇಲೆ ಅದೇ ಫುಜಿವಾರಾ ನಿರ್ದೇಶಿಸಿದ ಆಟ. ಮೊದಲು ಸ್ವಿಚ್‌ಗೆ ಬಂತು. ಅದೇ ವರ್ಷ ಕಂಪ್ಯೂಟರ್, ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್‌ಗೂ ಬಂತು. ಮಕ್ಕಳ ಚಿತ್ರದ ಪುಸ್ತಕದ ಹಾಳೆಗಳು ಎದ್ದು ನಡೆದ ಹಾಗೆ ಕಾಣುತ್ತದೆ. ಕೆಲವರಿಗೆ ಆ ಚಿತ್ರದ ಶೈಲಿ ಹಿಡಿಸಿಲ್ಲ. ಕಾಕಾನ ಮಗನಿಗೂ ಹಿಡಿಸಿಲ್ಲ. ಬೊಂಬೆಯಾಟದ ಹಾಗಿದೆ ಅಂತಾನೆ. ನನಗೆ ಅದಕ್ಕೇ ಇಷ್ಟ.

ಜಿಗಿತ ಮಾತ್ರ ಹಳೆಯದೇ. ಎರಡನೇ ಜಿಗಿತ ಇಲ್ಲ, ಗಾಳಿಯಲ್ಲಿ ತಿರುಗುವುದಿಲ್ಲ. ಮೇಲಕ್ಕೆ ಎಸೆಯುವುದು ವಾಪಸ್ ಬಂದಿದೆ. ತಪ್ಪಿಗೆ ಜಾಗ ಕೊಡುವುದನ್ನು ಇಲ್ಲಿ ಬೇರೆ ಕಡೆ ಇಟ್ಟಿದ್ದಾರೆ. ಕಷ್ಟದ ಮಟ್ಟ ನಾಲ್ಕು: ಲೆಜೆಂಡ್, ನೈಟ್, ಸ್ಕ್ವೈರ್, ಪೇಜ್. ಲೆಜೆಂಡ್ ಎಲ್ಲಕ್ಕಿಂತ ಕಠಿಣ. ಕೆಳಗಿನ ಮಟ್ಟಕ್ಕೆ ಇಳಿದಂತೆ ಕವಚ ಜಾಸ್ತಿ ಪೆಟ್ಟು ತಡೆಯುತ್ತದೆ. ಪೇಜ್‌ನಲ್ಲಿ ಸತ್ತರೆ ಬಿದ್ದ ಜಾಗದಲ್ಲೇ ಎದ್ದು ನಿಲ್ಲುತ್ತೀರಿ. ದಾರಿಯಲ್ಲಿ ಅಲ್ಲಲ್ಲಿ ಬಾವುಟಗಳಿವೆ. ಸತ್ತರೆ ಅಲ್ಲಿಂದ ಮುಂದುವರಿಸಬಹುದು. ಹೊಳೆಯುವ ಜೇನುನೊಣ ಹಿಡಿದು ಕೂಡಿಸಿದರೆ ಹೊಸ ಮಂತ್ರ ಸಿಗುತ್ತದೆ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸಿತು. ಇಬ್ಬರು ಕೂಡಿ ಆಡಬಹುದು. ಎರಡನೆಯವರು ಆರ್ಥರ್ ಆಗುವುದಿಲ್ಲ, ಅವನಿಗೆ ನೆರವಾಗುವ ಆತ್ಮ ಆಗುತ್ತಾರೆ. ಒಬ್ಬ ಸುತ್ತ ತಡೆ ಕಟ್ಟುತ್ತಾನೆ. ಒಬ್ಬ ಆರ್ಥರ್‌ನನ್ನು ಎತ್ತಿಕೊಂಡು ಹಾರುತ್ತಾನೆ. ಇನ್ನೊಬ್ಬ ಕಾಲಿಡಲು ಸೇತುವೆ ಮಾಡಿಕೊಡುತ್ತಾನೆ. ಬಲ್ಲವರು ಹೊಸಬರ ಪಕ್ಕ ಕೂತು ಆಡಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಉಳಿದ ಮೂರರಲ್ಲಿ ಇಲ್ಲ. ಅಲ್ಲಿ ಇಬ್ಬರು ಆಡಿದರೂ ಸರದಿಯ ಮೇಲೆ ಆಡಬೇಕು.

ಹಿಂದಕ್ಕೆ ಓಡಿಸುವ ಗುಂಡಿ

ಆರ್ಕೇಡ್ ಆಟಗಳು ಈಗ ಕ್ಯಾಪ್‌ಕಾಮ್ ಆರ್ಕೇಡ್ ಸ್ಟೇಡಿಯಂ ಎಂಬ ಸಂಗ್ರಹದಲ್ಲಿ ಸಿಗುತ್ತವೆ. ಅದರಲ್ಲಿ ಆಟವನ್ನು ಹಿಂದಕ್ಕೆ ಓಡಿಸುವ ಸೌಲಭ್ಯ ಇದೆ. ಸತ್ತ ಕೂಡಲೇ ಕೆಲವು ಕ್ಷಣ ಹಿಂದೆ ಹೋಗಿ ಬೇರೆ ಥರ ಜಿಗಿಯಬಹುದು.

ಆ ರಾತ್ರಿ ಅತಿ ಜೋರು ಜಗಳ ನಡೆದದ್ದು ಇದರ ಮೇಲೆ. ಕಾಕಾನ ಮಗನ ಪ್ರಕಾರ ಅದನ್ನು ಬಳಸಿದರೆ ಆಟ ಆಡಿದ ಹಾಗೇ ಅಲ್ಲ. ತಂಗಿ ಕೇಳಿದಳು: "ನಿನಗ ಆಗ ಸಂಜಿ ತನಕ ಟೈಮ್ ಇತ್ತು. ಈಗ ನನಗ ಡ್ಯೂಟಿ ಮುಗಿಸಿ, ಅಡುಗೆ ಮುಗಿಸಿ ಅರ್ಧ ತಾಸು ಸಿಗ್ತದ. ಅಷ್ಟರಾಗ ಒಂದೇ ಜಾಗಕ್ಕ ಹತ್ತು ಸಲ ನಡಕೊಂಡು ಹೋಗ್ಲೇನು?" ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ.

ನಾನು ತಂಗಿಯ ಕಡೆ. ಆದರೆ ಒಂದು ನಿಯಮದೊಂದಿಗೆ. ಕಲಿಯಲು ಹಿಂದಕ್ಕೆ ಓಡಿಸಿ. ಆ ಕೆಂಪು ದೆವ್ವ ಹೇಗೆ ಇಳಿಯುತ್ತದೆ ಅಂತ ನೋಡಲು ಇಪ್ಪತ್ತು ಸಲ ಓಡಿಸಿ. ಕೈಗೆ ಬಂದ ಮೇಲೆ ಆ ಹಂತವನ್ನು ಗುಂಡಿ ಮುಟ್ಟದೆ ಒಮ್ಮೆ ದಾಟಿ. ಇಲ್ಲದಿದ್ದರೆ ಪ್ರತಿ ಜಿಗಿತವನ್ನೂ ಹಿಂದಕ್ಕೆ ಎಳೆಯುತ್ತ ಕೊನೆಗೆ ಹೋಗುತ್ತೀರಿ, ನಿಲ್ಲುವುದನ್ನು ಮಾತ್ರ ಕಲಿತಿರುವುದಿಲ್ಲ.

ಇನ್ನು ಕೆಲವು ಸಣ್ಣ ಮಾತು. ಹೊಸ ಟಿವಿಯಲ್ಲಿ ಆಡುವವರು ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿಕೊಳ್ಳಿ. ಇಲ್ಲದಿದ್ದರೆ ಗುಂಡಿ ಒತ್ತಿದ್ದಕ್ಕೂ ಆರ್ಥರ್ ಜಿಗಿದದ್ದಕ್ಕೂ ನಡುವೆ ಚೂರು ಅಂತರ ಬರುತ್ತದೆ. ಈ ಆಟಕ್ಕೆ ಅಷ್ಟೇ ಸಾಕು, ಕೆಡಿಸಲು. ಕಂಟ್ರೋಲರ್‌ನಲ್ಲಿ ತಿರುಗುವ ಕಡ್ಡಿ ಬಿಟ್ಟು ನಾಲ್ಕು ದಿಕ್ಕಿನ ಗುಂಡಿ ಬಳಸಿ. ಮೊಬೈಲಿನ ಗಾಜಿನ ಮೇಲೆ ಬೆರಳಿಟ್ಟು ಈ ಬಳಗದ ಯಾವುದನ್ನೂ ಆಡಲು ಹೋಗಬೇಡಿ.

ಕಾಂಟ್ರಾ ಸಾಕಲ್ವಾ, ಅದೂ ಕಷ್ಟವೇ ಅಂತ ಕೇಳುವವರಿದ್ದಾರೆ. ಒಂದೇ ಪೆಟ್ಟಿಗೆ ಸಾವು, ನಿಜ. ಆದರೆ ಅಲ್ಲಿ ಗಾಳಿಯಲ್ಲಿ ತಿರುಗಬಹುದು, ಎಲ್ಲ ದಿಕ್ಕಿಗೂ ಗುಂಡು ಹಾರಿಸಬಹುದು. ಗೆಳೆಯನ ಜೊತೆ ಗದ್ದಲ ಮಾಡುತ್ತ ಆಡಬೇಕು ಅಂದರೆ ಕಾಂಟ್ರಾನೇ ಒಳ್ಳೆಯದು. ನಿಂಜಾ ಗೈಡೆನ್ ಎಂಬ ಇನ್ನೊಂದು ಕಷ್ಟದ ಆಟ ಬೇಕಾದರೆ ವೇಗ ಬೇಕು, ಎದೆಗಾರಿಕೆಯೂ ಬೇಕು. ಅದರ ಕೊನೆಯ ಕಾಳಗದಲ್ಲಿ ಸೋತರೆ ಇಡೀ ಆರನೇ ಅಂಕವನ್ನು ಮತ್ತೆ ಮೊದಲಿನಿಂದ ಆಡಬೇಕು. ಅದು ನಮ್ಮ ಮನೆಯಲ್ಲಿ ಯಾರಿಗೂ ಆಗಿ ಬರಲಿಲ್ಲ.

ಹುಡುಗನಿಗೆ ಹೇಳಿದ್ದು

ನಿಮಗೆ ನಲವತ್ತು ದಾಟಿದ್ದರೆ, ಆ ಅಂಗಡಿಯ ಯಂತ್ರದ ಸದ್ದು ಕಿವಿಯಲ್ಲಿ ಇನ್ನೂ ಇದ್ದರೆ, ಮೂಲ ಆರ್ಕೇಡ್ ಆಟಕ್ಕೇ ಹೋಗಿ. ಮೊದಲ ಎರಡು ಹಂತ ದಾಟಿದರೂ ಸಾಕು, ಕೊಟ್ಟ ದುಡ್ಡು ಬಂತು. ಮಾರಿಯೋ ಚೆನ್ನಾಗಿ ಆಡಿದವರು, ಹಳೆಯ ಚಿತ್ರಕ್ಕೆ ಬೇಸರ ಇಲ್ಲದವರು ಗೂಲ್ಸ್ ಎನ್ ಗೋಸ್ಟ್ಸ್ ತೆಗೆದುಕೊಳ್ಳಿ. ಸೂಪರ್ ಅನ್ನು ಮೊದಲ ಆಟವಾಗಿ ತೆಗೆದುಕೊಳ್ಳುವುದು ಬೇಡ ಅಂತ ನನ್ನ ಅಭಿಪ್ರಾಯ. ಒಂದು ಜಿಗಿತ ಕೈಗೆ ಬಂದ ಮೇಲೆ ಎರಡನೆಯದಕ್ಕೆ ಹೋಗಿ. ಇದನ್ನು ತಂಗಿ ಒಪ್ಪಿಲ್ಲ.

ಹುಡುಗನಿಗೆ ಮಾತ್ರ ಮೂವರೂ ಕೊನೆಗೆ ಒಂದೇ ಹೆಸರು ಹೇಳಿದೆವು. ರೆಸರೆಕ್ಷನ್, ಸ್ಕ್ವೈರ್ ಮಟ್ಟದಲ್ಲಿ. ಪೇಜ್ ಬೇಡ ಅಂದದ್ದು ನಾನು. ಬಿದ್ದಲ್ಲೇ ಎದ್ದರೆ ಹಿಂದೆ ತಿರುಗಿ ನೋಡುವ ಅಭ್ಯಾಸ ಬರುವುದಿಲ್ಲ. ಬಾವುಟದ ತನಕ ವಾಪಸ್ ಹೋದರೆ ದಾರಿ ಇನ್ನೊಮ್ಮೆ ಕಣ್ಣಿಗೆ ಬೀಳುತ್ತದೆ.

ಹೋದ ಭಾನುವಾರ ಫೋನ್ ಮಾಡಿದ್ದ. ಕೆಂಪು ದೆವ್ವದ ಹತ್ತಿರ ಸಿಕ್ಕಿಬಿದ್ದಿದ್ದಾನೆ. ಎಸೆದದ್ದೆಲ್ಲ ತಪ್ಪಿಸಿಕೊಳ್ತದೆ ಅಂತ ಗೋಳಾಡಿದ. ತಂಗಿ ಅವತ್ತು ಇಲ್ಲೇ ಇದ್ದಳು. ನನ್ನ ಕೈಯಿಂದ ಫೋನ್ ಕಸಿದುಕೊಂಡಳು.

"ಎಸಿಯೋದು ಬಿಡು. ಹಿಂದ ಸರಿ. ಇನ್ನ ಸ್ವಲ್ಪ. ಈಗ ಏನ್ ಮಾಡಾಕತ್ತದ ಅದು?"

"ಮ್ಯಾಲೆ ಹೋತು, ಚಿಗವ್ವ."

"ಹೋಗ್ಲಿ. ನೀ ನಿಂದ್ರು."